ಇದು ಮನೆಯ ವ್ಯಾನು

ಯಾರು ಏನೇ ಕೇಳಲಿ, ನನ್ನ ಭಾವ ಮೊದಲು ಎಡಗಣ್ಣನ್ನು ಮುಚ್ಚುತ್ತಾರೆ. ಆಮೇಲೆ ತಲೆಯನ್ನು ಬಲಕ್ಕೆ ಒಂದಿಷ್ಟು ವಾಲಿಸಿ, ಕೇಳಿದ ಪ್ರಶ್ನೆಯನ್ನು ಎದುರಿನ ಗೋಡೆಗೆ ತೂಗುಹಾಕಿ ಅದು ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ಪರೀಕ್ಷಿಸುವವರಂತೆ ಒಂದು ಕ್ಷಣ ದಿಟ್ಟಿಸಿ, ಅನಂತರವಷ್ಟೇ ಬಾಯಿ ತೆರೆಯುತ್ತಾರೆ. "ಊಟ ಆಯ್ತಾ ಭಾವ?" ಎಂಬ, ಲೋಕದಲ್ಲಿ ಯಾರೂ ಉತ್ತರಕ್ಕಾಗಿ ಕೇಳದ ಪ್ರಶ್ನೆಗೂ ಇದೇ ಮರ್ಯಾದೆ. "ಅರ್ಧ ಆಗಿದೆ. ಅಷ್ಟರಲ್ಲಿ ನೀನು ಬಾಗಿಲು ಬಡಿದೆ" ಎನ್ನುತ್ತಾರೆ. ಯಾರ ಮನೆಗೆ ಹೋದರೂ ಕೂರುವ ಮುನ್ನ ಗೋಡೆಯ ಮೇಲಿನ ಕ್ಯಾಲೆಂಡರನ್ನು ಸರಿಮಾಡುತ್ತಾರೆ. ನಮ್ಮ ಬೀದಿಯವರು ಅವರಿಗೆ ನೆಟ್ಟಗಪ್ಪ ಎಂದು ಹೆಸರಿಟ್ಟಿದ್ದು ಗೇಲಿಗೆಂದೇ. ಆದರೆ ಭಾವ ಅದನ್ನು ಬಿರುದೆಂದು ಭಾವಿಸಿ ಸುಮ್ಮನೆ ಸ್ವೀಕರಿಸಿಬಿಟ್ಟಿದ್ದರಿಂದ ಗೇಲಿಗೆ ಅರ್ಥವೇ ಉಳಿಯಲಿಲ್ಲ.

ನಲವತ್ತೊಂದು ವರ್ಷ ಅವರು ಅಂಗಡಿಗಳ ಬೋರ್ಡು ಬರೆದವರು. ಬರೆದದ್ದನ್ನು ದೂರ ನಿಂತು ನೋಡುವ ಅಭ್ಯಾಸ ಕಾಲಿಗೇ ಇಳಿದುಹೋಗಿ, ಬೀದಿಯಲ್ಲಿ ನಡೆಯುವಾಗಲೂ ಹತ್ತು ಹೆಜ್ಜೆ ಮುಂದೆ ಹೋದವರು ತಟ್ಟನೆ ನಿಂತು ಎರಡು ಹೆಜ್ಜೆ ಹಿಂದಕ್ಕೆ ಬರುತ್ತಾರೆ, ಯಾವುದೋ ಅಂಗಡಿಯ ನೆತ್ತಿಯನ್ನು ಒಂಟಿಗಣ್ಣಿನಲ್ಲಿ ಅಳೆಯುತ್ತಾರೆ, ಮತ್ತೆ ಮುಂದೆ ಸಾಗುತ್ತಾರೆ. ಹಿಂದೆ ಬರುವವನು ಡಿಕ್ಕಿ ಹೊಡೆಯುವುದು ಖಚಿತ. ನಾನಂತೂ ಅವರ ಜೊತೆ ಹೊರಟರೆ ಪಕ್ಕದಲ್ಲೇ ನಡೆಯುತ್ತೇನೆ, ಮೂಗು ನನ್ನದು. ಮೈಮೇಲೆ ಸದಾ ಒಂದು ಬೂದುಬಣ್ಣದ ಕೋಟು. ಅದರ ಬಲತೋಳಿನ ಅಂಚಿಗೆ ನಲವತ್ತೊಂದು ವರ್ಷದ ಎನಾಮೆಲ್ ಬಣ್ಣ ಪದರಪದರವಾಗಿ ಕೂತು ಎಷ್ಟು ಗಟ್ಟಿಯಾಗಿದೆಯೆಂದರೆ, ಅವರು ಮೇಜಿನ ಮೇಲೆ ಕೈಯಿಟ್ಟರೆ ಟಕ್ ಎಂದು ಸದ್ದಾಗುತ್ತದೆ. ಅಕ್ಕ ಆ ಕೋಟನ್ನು ಎಸೆಯಲು ಮೂರು ಸಲ ಪ್ರಯತ್ನಿಸಿ ಸೋತಿದ್ದಾಳೆ.

ಎರಡು ವರ್ಷದ ಕೆಳಗೆ ಅವರ ಕೈ ನಡುಗತೊಡಗಿತು. ಮೊದಲು ಲೋಟದ ನೀರಿನಲ್ಲಿ ಕಂಡದ್ದು ಆಮೇಲೆ ಕುಂಚದ ತುದಿಗೆ ಬಂತು. ಒಂದು ಔಷಧದಂಗಡಿಯ ಬೋರ್ಡಿನಲ್ಲಿ ಅಕ್ಷರದ ಅಂಚು ಕೂದಲೆಳೆಯಷ್ಟು ಅಲೆಯಾಗಿತ್ತು. ಅಂಗಡಿಯವನಿಗೆ ಅದು ಕಾಣಲೂ ಇಲ್ಲ, ಅವನು ಕೈಮುಗಿದು ಮೆಚ್ಚಿ ಕಳಿಸಿದ್ದ. ಭಾವ ಮಾರನೆಯ ದಿನ ತಾವಾಗಿಯೇ ಹೋಗಿ ಬೋರ್ಡು ಇಳಿಸಿಕೊಂಡು ಬಂದು ಮತ್ತೆ ಬರೆದರು, ಮತ್ತೆ ಅಲೆಯಾಯಿತು, ಇನ್ನೊಬ್ಬ ಪೇಂಟರಿಂದ ಬರೆಸಿ ಹಿಂದಿರುಗಿಸಿ, ಆ ವಾರವೇ ತಮ್ಮ ಅಂಗಡಿ ಮುಚ್ಚಿದರು. ಉಳಿದದ್ದು ವ್ಯಾನೊಂದೇ. ಕೆನೆಬಣ್ಣದ ಅದರ ಎರಡೂ ಮಗ್ಗುಲಲ್ಲಿ, ಕೈ ನೆಟ್ಟಗಿದ್ದ ಕೊನೆಯ ವರ್ಷ ನಾಲ್ಕು ದಿನ ಕೂತು ಬರೆದ ಅಕ್ಷರಗಳು: "ಅಂದದ ಅಕ್ಷರ" ಎಂದು ಕೆಂಪಿನಲ್ಲಿ, ಎಡಕ್ಕೆ ಬಿದ್ದ ಕಪ್ಪು ನೆರಳಿನೊಂದಿಗೆ, ಅದರಡಿ ಸಣ್ಣದಾಗಿ "ಬೋರ್ಡು, ಬ್ಯಾನರು, ಗಾಜಿನ ಬರಹ". ನಾನು ಮುದ್ರಣಾಲಯದಲ್ಲಿ ಕರಡು ತಿದ್ದಿ ಮುಪ್ಪಾದವನು, ಅಕ್ಷರ ಕಂಡರೆ ತಪ್ಪು ಹುಡುಕುವುದೇ ನನ್ನ ಅನ್ನ. ಆ ವ್ಯಾನಿನ ಮೇಲೆ ನನಗೆ ಒಂದು ತಪ್ಪೂ ಸಿಕ್ಕಿರಲಿಲ್ಲ.

ಹೋದ ವರ್ಷ ಅಕ್ಕ ಸ್ಟೂಲಿನ ಮೇಲಿಂದ ಬಿದ್ದಳು. ಅಟ್ಟದ ಮೇಲಿನ ಒಂದು ಡಬ್ಬ ಬೇಕಿತ್ತಂತೆ; ಕೇಳಿದ್ದರೆ ಇಬ್ಬರು ಗಂಡಸರಿದ್ದೆವು, ಕೇಳುವವಳಲ್ಲ. ಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ, ಒಂದು ಕಾಲು ಮಡಿಸಲಾಗದ ಸ್ಥಿತಿಯಲ್ಲಿ ಮನೆಗೆ ಬಂದಳು. ವಾರಕ್ಕೆರಡು ಸಲ ಚಿಕಿತ್ಸಾಕೇಂದ್ರಕ್ಕೆ ಹೋಗಿ ರಾಟೆ, ಕಂಬಿ, ಹಗ್ಗಗಳ ನಡುವೆ ಕಾಲನ್ನು ಪಳಗಿಸಬೇಕು. "ಮೊದಲ ಕೆಲವು ತಿಂಗಳೇ ಮುಖ್ಯ. ಆಮೇಲೆ ಕೀಲು ಎಲ್ಲಿ ನಿಂತಿರುತ್ತೋ ಅಲ್ಲೇ ನಿಂತ್ಬಿಡುತ್ತೆ" ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಕಾರಿನಲ್ಲಿ ಕೂರಲು ಅವಳಿಗೆ ಆಗದು. ಭಾವ ವ್ಯಾನಿನ ಒಳಗಿದ್ದ ಬಣ್ಣದ ಕಪಾಟುಗಳನ್ನೆಲ್ಲ ಕಿತ್ತುಹಾಕಿ, ಹಲಗೆಯ ಮಂಚವೊಂದನ್ನು ಕೂರಿಸಿ, ಮೆತ್ತೆ ಹಾಸಿ, ಪಟ್ಟಿ ಬಿಗಿದು, ಅವಳನ್ನು ಮಲಗಿಸಿಕೊಂಡು ಹೋಗಿಬರತೊಡಗಿದರು. ಸ್ಟೀರಿಂಗ್ ಹಿಡಿದರೆ ಆ ನಡುಕ ಎಲ್ಲೋ ಅಡಗುತ್ತಿತ್ತು. ಓಡಿಸಬಹುದೆಂದು ವೈದ್ಯರೂ ಬರೆದುಕೊಟ್ಟಿದ್ದರು. ನಾಲ್ಕೇ ವಾರದಲ್ಲಿ ಅಕ್ಕ ಕಂಬಿ ಹಿಡಿದು ಎದ್ದು ನಿಂತಳು. "ಇನ್ನೆರಡು ತಿಂಗಳು ಕಣೋ, ನಿಮ್ಮನೆ ಮೆಟ್ಟಿಲು ಹತ್ತಿ ಬರ್ತೀನಿ, ಕೋಲೂ ಇಲ್ಲದೆ" ಎಂದು ನನಗೆ ಸವಾಲು ಹಾಕಿದಳು.

ಆಗ ಬಂದದ್ದು ವಿಮೆಯ ನವೀಕರಣದ ಕಾಗದ. ಹಣ ಕಟ್ಟಿ, ರಸೀತಿ ತಂದು, ಫೈಲಿಗೆ ಸಿಕ್ಕಿಸಿದರೆ ಮುಗಿಯುವ ಮಾತು. ಆದರೆ ಆ ಕಾಗದದ ತಲೆಯ ಮೇಲೆ 'ವ್ಯಾಪಾರದ ಬಳಕೆಯ ವಾಹನ' ಎಂದಿತ್ತು. ಭಾವ ಎಡಗಣ್ಣು ಮುಚ್ಚಿದರು. ಯಾರೂ ಕೇಳದಿದ್ದರೂ, ಯಾರೂ ಕೇಳುವ ಸಂಭವವೂ ಇಲ್ಲದಿದ್ದರೂ, ಅವರು ಕೂತು ಎರಡು ಪುಟದ ಪತ್ರ ಬರೆದರು: ಅಂಗಡಿ ಮುಚ್ಚಿದ್ದೇನೆ, ವ್ಯಾನನ್ನು ಈಗ ಹೆಂಡತಿಯನ್ನು ಚಿಕಿತ್ಸೆಗೆ ಒಯ್ಯಲು ಮಾತ್ರ ಬಳಸುತ್ತಿದ್ದೇನೆ, ಆದ್ದರಿಂದ ಮೇಲಿನ ಒಕ್ಕಣೆಯನ್ನು ದಯವಿಟ್ಟು ತಿದ್ದಿಕೊಳ್ಳಬೇಕು. ತಿದ್ದಿಕೊಳ್ಳುವುದಂತೆ! ವಾರದೊಳಗೆ ಉತ್ತರ ಬಂತು. ವ್ಯಾಪಾರವಿಲ್ಲದ ಮೇಲೆ ವ್ಯಾಪಾರದ ವಿಮೆ ಸಲ್ಲದು. ಖಾಸಗಿ ಬಳಕೆಯ ವ್ಯಾನುಗಳಿಗೆ ನಮ್ಮಲ್ಲಿ ವಿಮೆ ಇಲ್ಲ. ಇದೇ ತಿಂಗಳ ಕೊನೆಗೆ ನಿಮ್ಮ ಪಾಲಿಸಿ ಮುಗಿಯುತ್ತದೆ. ಇಷ್ಟು ವರ್ಷದ ವಿಶ್ವಾಸಕ್ಕೆ ಧನ್ಯವಾದಗಳು.

ತಿಂಗಳ ಕೊನೆಯ ದಿನ ಅವರು ವ್ಯಾನನ್ನು ಮನೆಯ ಮುಂದೆ ನಿಲ್ಲಿಸಿ, ಕೀಲಿಕೈಯನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು. ಅಷ್ಟೇ. ಇನ್ನು ಇನ್ಶೂರೆನ್ಸ್ ಆಗುವವರೆಗೆ ಅದು ಒಂದು ಗೇಣೂ ಅಲುಗುವುದಿಲ್ಲ. ಬೀದಿಯಲ್ಲಿ ಯಾರು ಹೇಳಲಿಲ್ಲ? ಪಕ್ಕದ ಮನೆಯ ದರ್ಜಿ ಹೇಳಿದ, ಎದುರಿನ ಬೇಕರಿಯವಳು ಹೇಳಿದಳು, ನಾನು ಹೇಳಿದೆ. "ಅರ್ಧ ಗಂಟೆ ದಾರಿ ಭಾವ. ಇಷ್ಟು ವರ್ಷದಲ್ಲಿ ನಿಮ್ಮನ್ನ ಯಾರಾದ್ರೂ ಒಮ್ಮೆ ತಡೆದು ಕೇಳಿದ್ದಾರಾ?" ಅವರು ಪ್ರಶ್ನೆಯನ್ನು ಗೋಡೆಗೆ ತೂಗುಹಾಕಿ ನೋಡಿದರು. "ಕೇಳಿಲ್ಲ. ಆದ್ರೆ ನಾಳೆ ಯಾರಿಗಾದ್ರೂ ತಗುಲಿದ್ರೆ? ನನ್ನ ಹೆಂಡತಿ ಕಾಲು ನೆಟ್ಟಗಾಗಲಿ ಅಂತ ಇನ್ನೊಬ್ಬರ ಕಾಲು ಮುರಿದು, ಕೈಯಲ್ಲಿ ಕಾಗದ ಇಲ್ಲ ಅನ್ನಲಾ?" ಮಾತು ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದಕ್ಕೇ ಸಿಟ್ಟು ನೆತ್ತಿಗೇರಿತು.

ಒಮ್ಮೆ ಬಾಡಿಗೆಯ ವ್ಯಾನು ತರಿಸಿದೆವು. ಬಂದವನು ಬೆಳಿಗ್ಗೆ ಮನೆಸಾಮಾನು ಹೊತ್ತು ಮಧ್ಯಾಹ್ನ ಅಕ್ಕನನ್ನು ಹೊತ್ತ. ರಸ್ತೆಯ ಒಂದೊಂದು ಉಬ್ಬನ್ನೂ ಹಳೆಯ ಸ್ನೇಹಿತನೆಂಬಂತೆ ಹುಡುಕಿಕೊಂಡು ಹೋಗಿ ಹತ್ತಿಸಿದ. ಅಕ್ಕ ಹಲ್ಲು ಕಚ್ಚಿಕೊಂಡೇ ಹೋಗಿ, ಹಲ್ಲು ಕಚ್ಚಿಕೊಂಡೇ ಬಂದು, ಮನೆಯ ಹಾಸಿಗೆ ಮುಟ್ಟಿದ ಮೇಲೆ ಅತ್ತಳು. ಎರಡು ದಿನ ಕಾಲು ಊದಿತ್ತು. "ಇನ್ನು ನಮ್ಮ ವ್ಯಾನಲ್ಲಿ ಕರ್ಕೊಂಡು ಹೋದ್ರೆ ಹೋದೆ, ಇಲ್ಲಾಂದ್ರೆ ಇಲ್ಲೇ ಇರ್ತೀನಿ" ಎಂದುಬಿಟ್ಟಳು. ಆಸ್ಪತ್ರೆಯ ಆಂಬುಲೆನ್ಸು ಜೀವ ಹೋಗುವವರಿಗೆ ಮಾತ್ರವಂತೆ. ಕಾಲು ಹೋಗುವವರಿಗೆ ಇಲ್ಲ.

ಹೀಗೆ ವಿಮೆಯ ಬೇಟೆ ಶುರುವಾಯಿತು. ಫೋನಿನಲ್ಲಿ ಒಂದು ಧ್ವನಿ, ಕಾರಿಗೆ ಒಂದು ಒತ್ತಿ, ಬೈಕಿಗೆ ಎರಡು ಒತ್ತಿ, ವ್ಯಾಪಾರದ ವಾಹನಕ್ಕೆ ಮೂರು ಒತ್ತಿ ಎಂದು ಹೇಳಿ ಸಂಗೀತ ಹಾಕುತ್ತಿತ್ತು. ಬೇರೆ ಯಾರಾದರೂ ಒಂದನ್ನೋ ಮೂರನ್ನೋ ಒತ್ತಿ ಮನುಷ್ಯರು ಸಿಕ್ಕಮೇಲೆ ವಿಷಯ ಹೇಳುತ್ತಿದ್ದರು. ಭಾವ ನಾಲ್ಕನೆಯದಕ್ಕೆ ಕಾದರು. ಕಿವಿಗೆ ಫೋನಿಟ್ಟುಕೊಂಡು, ಕೋಟಿನ ಗಟ್ಟಿ ತೋಳಿನಿಂದ ಮೇಜನ್ನು ಟಕ್ ಟಕ್ ಎನ್ನಿಸುತ್ತ, ಸಂಗೀತ ಮುಗಿದು, ಧ್ವನಿ ಮತ್ತೆ ಒಂದರಿಂದ ಶುರುಮಾಡುವವರೆಗೂ ಕಾದರು. "ಕಾರಲ್ಲ, ಬೈಕಲ್ಲ, ವ್ಯಾಪಾರ ಅಲ್ಲ. ನನ್ನದು ಇವರ ಪಟ್ಟಿಯಲ್ಲೇ ಇಲ್ಲ" ಎಂದು ಫೋನು ಇಟ್ಟರು. ಕೊನೆಗೆ ಮೂರನ್ನು ನಾನು ಒತ್ತಿದೆ. ಸಿಕ್ಕ ಹುಡುಗಿ, ವ್ಯಾನಿನಲ್ಲಿ ಏನು ಸಾಗಿಸ್ತೀರಿ ಎಂದು ಕೇಳಿದಳು. "ನನ್ನ ಹೆಂಡತಿಯನ್ನ" ಎಂದರು ಭಾವ. ಆ ಕಡೆ ನಗು ತಡೆದುಕೊಂಡದ್ದು ನನಗೂ ಕೇಳಿಸಿತು. ಸರಕಿನ ಪಟ್ಟಿಯಲ್ಲಿ ಅದಿಲ್ಲವೆಂದಳು.

ಆಮೇಲೆ ಕಾಲು ಸವೆಸಿದೆವು. ಚಪ್ಪಲಿ ಅಂಗಡಿಯ ಮಹಡಿಯ ಮೇಲೊಬ್ಬ ಏಜೆಂಟ್. ಅವನ ಕೋಣೆಯ ಮೆಟ್ಟಿಲ ಬಳಿಯ ಬೋರ್ಡು ಸೊಟ್ಟಗಿದ್ದದ್ದರಿಂದ ನಾವು ಒಳಹೋಗುವುದೇ ಐದು ನಿಮಿಷ ತಡವಾಯಿತು. ಏಜೆಂಟ್ ಒಳ್ಳೆಯವನೇ. ಕಥೆ ಪೂರ್ತಿ ಕೇಳಿ, ಕುರ್ಚಿಗೊರಗಿ, ಲೋಕಾನುಭವದ ದೊಡ್ಡ ನಗೆ ನಕ್ಕ.

"ಯಜಮಾನ್ರೇ, ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೊಂಡಿದ್ದೀರಿ? ಬೋರ್ಡಿನ ಕೆಲಸ ಇನ್ನೂ ನಡೀತಿದೆ ಅಂತ ಒಂದು ಸಾಲು ಬರೆದ್ಬಿಡಿ. ನಾಳೆನೇ ಪಾಲಿಸಿ ಕೈಗೆ ಕೊಡ್ತೀನಿ."

"ನಡೀತಿಲ್ಲವಲ್ಲ."

"ನಡೀತಿಲ್ಲ, ಸರಿ. ನಡೀತಿದೆ ಅಂತ ಬರೀರಿ ಅಂದೆ."

ಭಾವ ಅವನನ್ನೇ ಒಂಟಿಗಣ್ಣಿನಲ್ಲಿ ನೋಡಿದರು. "ನಾನು ಬರೆದದ್ದನ್ನ ಜನ ನಂಬ್ಕೊಂಡು ಅಂಗಡಿ ಒಳಗೆ ಹೋಗ್ತಿದ್ರು. ಅದಕ್ಕೇ ಬರೆಯೋಕಾಗಲ್ಲ" ಎಂದು ಎದ್ದರು.

ಮೆಟ್ಟಿಲಿಳಿಯುವಾಗ ನನ್ನ ತಾಳ್ಮೆ ಮುಗಿಯಿತು. "ಭಾವ, ಇದು ನಿಮ್ಮ ಬೋರ್ಡಲ್ಲ. ನನ್ನ ಅಕ್ಕನ ಕಾಲು" ಎಂದೆ. ಜೋರಾಗಿಯೇ ಹೇಳಿದೆ, ಕೆಳಗೆ ಚಪ್ಪಲಿ ಕೊಳ್ಳುತ್ತಿದ್ದವರು ತಲೆಯೆತ್ತಿ ನೋಡಿದರು. ಅವರು ಕಣ್ಣು ಮುಚ್ಚಲಿಲ್ಲ, ತಲೆ ವಾಲಿಸಲಿಲ್ಲ. "ಗೊತ್ತು" ಎಂದರು. ಅವರು ಅಳೆಯದೆ ಕೊಟ್ಟ ಉತ್ತರ ನಾನು ಕೇಳಿದ್ದು ಅದೊಂದೇ.

ಎರಡು ವಾರ ಹೀಗೆ ಹೋಯಿತು. ಮನೆಯಲ್ಲಿ ಅಕ್ಕ, ಚಿಕಿತ್ಸಾಕೇಂದ್ರದವರು ಕಾಗದದಲ್ಲಿ ಚಿತ್ರ ಬರೆದುಕೊಟ್ಟಿದ್ದ ವ್ಯಾಯಾಮಗಳನ್ನು ಹಾಸಿಗೆಯ ಮೇಲೆ ತಪ್ಪದೆ ಮಾಡುತ್ತಿದ್ದಳು; ಆದರೆ ರಾಟೆಯಿಲ್ಲದೆ ಆ ಕಾಲು ಎಷ್ಟು ತಾನೇ ಮೇಲೇಳೀತು? ನಾವು ಹಿಂದಿರುಗಿದಾಗ ಕಿಟಕಿಯ ಬಳಿಯ ಮಂಚದಿಂದ ಅವಳು ಏನೂ ಕೇಳುತ್ತಿರಲಿಲ್ಲ. ನಮ್ಮ ನಡಿಗೆಯಲ್ಲೇ ಉತ್ತರ ಓದಿಕೊಂಡು, "ಕೈಕಾಲು ತೊಳ್ಕೊಳ್ಳಿ" ಎನ್ನುತ್ತಿದ್ದಳು.

ಕೊನೆಗೆ ದಾರಿ ತೋರಿದ್ದು ಒಂದು ಸಣ್ಣ ಕಚೇರಿಯ ಕೌಂಟರಿನಾಕೆ. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಮೇಜಿನ ಮೇಲೆಲ್ಲ ಹುಡುಕುತ್ತಿದ್ದ, ನಮಗಿಂತಲೂ ದಣಿದ ಹೆಂಗಸು. ಅರ್ಜಿಯಲ್ಲಿ 'ಬಳಕೆಯ ಉದ್ದೇಶ' ಎಂಬಲ್ಲಿ ಹೆಬ್ಬೆರಳಿನಷ್ಟು ಜಾಗವಿತ್ತು. ಭಾವ ಅದರಲ್ಲಿ 'ಲಗತ್ತು ನೋಡಿ' ಎಂದು ಬರೆದು ಮೂರು ಪುಟ ಜೋಡಿಸಿದ್ದರು: ಅಕ್ಕನ ಸೊಂಟ, ಮಂಚದ ಅಳತೆ, ತಮ್ಮ ಕೈನಡುಕ, ಅದರ ಬಗ್ಗೆ ವೈದ್ಯರ ಪತ್ರ. ಆಕೆ ಮೂರೂ ಪುಟವನ್ನು ಓದಿದಳು. ಪುಣ್ಯಾತ್ಗಿತ್ತಿ, ನಿಜಕ್ಕೂ ಓದಿದಳು.

"ಎಲ್ಲರೂ ಸುಳ್ಳು ತರ್ತಾರೆ, ಅದರಲ್ಲಿ ನಾನು ನಿಜ ಹುಡುಕ್ಬೇಕು. ನೀವು ಇಷ್ಟು ನಿಜ ತಂದಿದ್ದೀರಿ, ಹಾಕೋಕೆ ಜಾಗಾನೇ ಇಲ್ವಲ್ಲ" ಎಂದು ಆ ಪುಟಗಳನ್ನು ಹಿಂದಕ್ಕೆ ಕೊಟ್ಟು, ಹೆಬ್ಬೆರಳಿನಷ್ಟು ಜಾಗದಲ್ಲಿ ತಾನೇ 'ಮನೆ ಬಳಕೆ' ಎಂದು ಬರೆದಳು. "ಆಗುತ್ತೆ. ನಮ್ಮಲ್ಲಿ ಮನೆ ಬಳಕೆಯ ವ್ಯಾನಿಗೆ ಇನ್ಶೂರೆನ್ಸ್ ಇದೆ. ಮಂಚ ಬೋಲ್ಟು ಹಾಕಿ ಕೂರಿಸಿರಬೇಕು. ಹೊರಗಡೆ ವ್ಯಾಪಾರದ ಬರಹ ಇರಬಾರದು. ನಾಲ್ಕೂ ದಿಕ್ಕಿಂದ ಫೋಟೋ ಕೊಡಿ. ಮೇಲಿನವರು ನೋಡಿ ಒಪ್ಪೋಕೆ ಒಂಬತ್ತು ದಿನ."

ನನಗೆ ಹೋದ ಜೀವ ಬಂದಂತಾಯಿತು. ಪಕ್ಕಕ್ಕೆ ತಿರುಗಿ ನೋಡಿದರೆ ಭಾವ ಅರ್ಜಿಯ ಮೇಲೆ ಬೆರಳಿಟ್ಟು ಕೂತಿದ್ದರು. "ಬರಹ ಅಳಿಸಬೇಕು" ಎಂದರು, ಯಾರಿಗೂ ಅಲ್ಲದಂತೆ. "ಅಳಿಸ್ತೀನಿ."

ಗ್ಯಾರೇಜಿಗೆ ಕೊಡೋಣವೆಂದೆ. ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಉಜ್ಜುಕಾಗದ ಹಿಡಿದು ವ್ಯಾನಿನ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಆ ಕೆಂಪು ಹೋಗಲು ಹಟ ಹಿಡಿಯಿತು. ಒಳ್ಳೆಯ ಬಣ್ಣ, ಒಳ್ಳೆಯ ಕೈ, ಹೋಗು ಎಂದ ಮಾತ್ರಕ್ಕೆ ಹೋಗುವಂಥದಲ್ಲ. ನಾನು ಕೈಜೋಡಿಸಲು ಹೋದರೆ, "ಬೇಡ ಬಿಡು. ಅಳಿಸೋಕೆ ಕೈ ನಡುಗಿದ್ರೆ ಏನೂ ಆಗಲ್ಲ" ಎಂದರು. ಮೊದಲು ನೆರಳು ಹೋಯಿತು, ಆಮೇಲೆ ಅಕ್ಷರ. ಕಿಟಕಿಯೊಳಗಿನಿಂದ ಅಕ್ಕ ನೋಡುತ್ತಲೇ ಇದ್ದಳು. ಸಂಜೆಯ ಹೊತ್ತಿಗೆ ಎರಡು ಮಗ್ಗುಲೂ ಬೋಳಾಗಿ, ಅದರ ಮೇಲೆ ಹೊಸ ಕೆನೆಬಣ್ಣ ಬಳಿದು, ಒಣಗಲು ಎರಡು ದಿನ ಬಿಟ್ಟೆವು.

ಇಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಫೋಟೋ ಹೊಡೆದು ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಮೂರನೆಯ ದಿನ ನಾನು ಹೋಗಿ ನೋಡುತ್ತೇನೆ, ಭಾವ ಸುಣ್ಣದ ದಾರ ಹಿಡಿದು ವ್ಯಾನಿನ ಮೇಲೆ ಗೆರೆ ಹಾಕುತ್ತಿದ್ದಾರೆ! ಎರಡು ಹೆಜ್ಜೆ ಹಿಂದೆ ಬರುತ್ತಾರೆ, ಕಣ್ಣು ಮುಚ್ಚುತ್ತಾರೆ, ಮತ್ತೆ ಹೋಗುತ್ತಾರೆ. ಏನು ಭಾವ ಇದು ಎಂದರೆ, ಅಂಗಡಿ ಮುಚ್ಚಿದ ಮೇಲೆ ನಾನು ಕಾಣದಿದ್ದ ಒಂದು ಬೆಳಕು ಅವರ ಮುಖದಲ್ಲಿತ್ತು. "ಆಕೆ ಕೇಳಿದ್ದು ವ್ಯಾಪಾರದ್ದಲ್ಲ ಅಂತ ಗೊತ್ತಾಗಬೇಕು ಅಂತ ತಾನೇ? ಖಾಲಿ ಬಿಟ್ಟರೆ ಹೇಗೆ ಗೊತ್ತಾಗುತ್ತೆ? ಬರೆದೇ ಬಿಡೋಣ."

ಮೂರು ದಿನ ಬರೆದರು. ಕೈಯೂರುವ ಕೋಲನ್ನು ವ್ಯಾನಿಗೆ ಒರಗಿಸಿ, ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಬಿಗಿಯಾಗಿ ಹಿಡಿದು, ಉಸಿರು ಕಟ್ಟಿ ಒಂದು ಗೆರೆ, ಉಸಿರು ಬಿಟ್ಟು ವಿಶ್ರಾಂತಿ, ಮತ್ತೆ ಒಂದು ಗೆರೆ. "ಇದು ಮನೆಯ ವ್ಯಾನು. ಬಾಡಿಗೆಗಿಲ್ಲ." ನೀಲಿಯಲ್ಲಿ. ಹಳೆಯ ಕೆಂಪಿನಷ್ಟು ನೆಟ್ಟಗಿರಲಿಲ್ಲ. ಹತ್ತಿರ ಹೋದರೆ ಅಂಚುಗಳು ಅಲುಗುವ ನೀರಿನಲ್ಲಿ ಕಂಡಂತೆ ಕಾಣುತ್ತಿದ್ದವು. ಆದರೆ ಎರಡು ಹೆಜ್ಜೆ ಹಿಂದೆ ನಿಂತರೆ, ಆಹಾ, ಅಕ್ಷರವೆಂದರೆ ಅದು. ಬೀದಿಯೆಲ್ಲ ಬಂದು ನೋಡಿತು. ದರ್ಜಿ ಬೆನ್ನು ತಟ್ಟಿದ. ನಾನು ನಾಲ್ಕೂ ದಿಕ್ಕಿನಿಂದ ಫೋಟೋ ಹೊಡೆದು, "ಅದ್ಭುತ ಭಾವ" ಎಂದು ನನ್ನ ಕೈಯಾರೆ ಕಳಿಸಿದೆ. ಇಡೀ ಆಯಸ್ಸು ಅಕ್ಷರದಲ್ಲಿ ತಪ್ಪು ಹುಡುಕಿದ ಈ ಮಹಾನುಭಾವನಿಗೆ, ಅಕ್ಷರ ಇರುವುದೇ ತಪ್ಪೆಂಬುದು ಹೊಳೆಯಲಿಲ್ಲ. ಅಕ್ಕ ಒಬ್ಬಳೇ ಕಿಟಕಿಯಿಂದ, "ಚೆನ್ನಾಗಿದೆ ರೀ. ಆದ್ರೆ ಬೇಕಿತ್ತಾ?" ಎಂದು ಕೇಳಿದ್ದಳು. ಭಾವ ಎಡಗಣ್ಣು ಮುಚ್ಚಿದರು, ತೆರೆದರು, ಕುಂಚ ತೊಳೆಯಲು ಹೋದರು.

ಒಂಬತ್ತನೆಯ ದಿನ ಎರಡು ಸಾಲಿನ ಉತ್ತರ ಬಂತು. ವಾಹನದ ಹೊರಮೈ ಮೇಲೆ ಬರಹವಿರುವುದರಿಂದ ಅರ್ಜಿ ತಿರಸ್ಕೃತವಾಗಿದೆ. ಹೊಸ ಅರ್ಜಿ, ಹೊಸ ಫೋಟೋ ಸಲ್ಲಿಸಿ. ಕೌಂಟರಿನಾಕೆಗೆ ಫೋನು ಮಾಡಿದೆವು. ಆಕೆ "ಅಯ್ಯೋ ಯಜಮಾನ್ರೇ" ಎಂದಳು. "ಏನು ಬರೆದಿದೆ ಅಂತ ಓದೋಕೆ ಅಲ್ಲಿ ಯಾರೂ ಕೂತಿಲ್ಲ. ಅಕ್ಷರ ಇದೆಯಾ ಇಲ್ವಾ, ಅಷ್ಟೇ ನೋಡ್ತಾರೆ."

ಓದುವುದಿಲ್ಲ ಎಂಬ ಆ ಮಾತು ಅವರಿಗೆ ಎಲ್ಲಿ ತಗುಲಿತೋ ನನಗೆ ಗೊತ್ತು. ಆದರೆ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಎಳ್ಳಷ್ಟೂ ಕನಿಕರ ಬರಲಿಲ್ಲ. ಒಳಗೆ ಅಕ್ಕನ ಕಾಲಿತ್ತು. ಭಾವ ಅದೇ ಮಧ್ಯಾಹ್ನ ಅಗಲದ ಬ್ರಷ್ಷು ತಂದು, ನೀಲಿಯ ಮೇಲೆ ಸರಸರನೆ ಕೆನೆಬಣ್ಣ ಬಳಿದುಬಿಟ್ಟರು. ಮುಗಿಸಿ ನೇರ ಒಳಗೆ ಹೋದರು. ಎರಡು ಹೆಜ್ಜೆ ಹಿಂದೆ ನಿಂತು ನೋಡಲಿಲ್ಲ.

ಮತ್ತೆ ಅರ್ಜಿ, ಮತ್ತೆ ಫೋಟೋ, ಮತ್ತೆ ಒಂಬತ್ತು ದಿನ. ಆ ಒಂಬತ್ತು ದಿನವೂ ಭಾವ ಕಿಟಕಿಯ ಬಳಿ ಕೂತು ಅಕ್ಕನ ಕಾಲನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು, ಕಾಗದದ ಚಿತ್ರದಲ್ಲಿದ್ದಂತೆ ಮೇಲೆತ್ತಿ ಇಳಿಸುತ್ತಿದ್ದರು. ನಡುಗುವ ಕೈಯಲ್ಲಿ ಬಿಗಿದ ಕಾಲು. ನೋಡಲಾರದೆ ನಾನು ಪೇಪರು ಓದುವಂತೆ ನಟಿಸುತ್ತಿದ್ದೆ. ಹತ್ತನೆಯ ಬೆಳಿಗ್ಗೆ ಪಾಲಿಸಿ ಬಂತು. ಯಾರೂ ಸಂಭ್ರಮಪಡಲಿಲ್ಲ. ಭಾವ ಅದನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿ, ಮೊಳೆಯಿಂದ ಕೀಲಿಕೈ ತೆಗೆದರು.

ಚಿಕಿತ್ಸಾಕೇಂದ್ರದ ಹುಡುಗಿ ಅಕ್ಕನ ಕಾಲನ್ನು ಮೇಲೆತ್ತಿ ಕೋನ ಅಳೆದಳು. ಹಳೆಯ ಚೀಟಿ ನೋಡಿದಳು. ಮತ್ತೆ ಅಳೆದಳು. "ಆರು ವಾರದ ಹಿಂದೆ ಇದಕ್ಕಿಂತ ಚೆನ್ನಾಗಿತ್ತಲ್ಲ ಅಮ್ಮ. ಒಳಗೆ ಬಿಗಿದುಬಿಟ್ಟಿದೆ. ನಡೀತೀರಿ, ಅದಕ್ಕೇನೂ ಭಯ ಇಲ್ಲ. ಆದ್ರೆ ಕೋಲು ಬಿಡೋಕಾಗಲ್ಲ ಇನ್ನು." ಅಕ್ಕ, "ಹೂಂ" ಎಂದಳು. ನನ್ನ ಕಡೆ ನೋಡಲಿಲ್ಲ; ನಮ್ಮ ಮನೆಯ ಮೆಟ್ಟಿಲಿನ ಸವಾಲು ಇಬ್ಬರಿಗೂ ನೆನಪಿತ್ತು.

ಹೊರಗೆ, ವ್ಯಾನಿನ ಹಿಂಬಾಗಿಲು ತೆರೆದು ಅವಳನ್ನು ಮಲಗಿಸಿ ಭಾವ ಪಟ್ಟಿ ಬಿಗಿಯುತ್ತಿದ್ದರು. ನಾನು ಮುಂದಿನ ಸೀಟಿನಲ್ಲಿದ್ದೆ. ಬೇಕೆಂದೇ ಹಿಂದಕ್ಕೆ ತಿರುಗಲಿಲ್ಲ, ಆದರೆ ಕಿವಿ ಮುಚ್ಚಿಕೊಳ್ಳಲಾಗಲಿಲ್ಲ.

"ಅವರೆಲ್ಲ ಹೇಳಿದ್ರು. ಕಾಗದ ಇಲ್ಲದೇನೇ ಓಡಿಸ್ಬೇಕಿತ್ತಾ ನಾನು?" ಎಂದು ಭಾವ ಕೇಳಿದರು. ಆಯಸ್ಸಿನಲ್ಲಿ ಮೊದಲ ಸಲ, ಉತ್ತರ ಬೇಡಿ ಅವರು ಕೇಳಿದ ಪ್ರಶ್ನೆ ಅದು.

ಅಕ್ಕ ಉತ್ತರ ಕೊಟ್ಟಳು. "ಅದಕ್ಕೆ ನಾನು ಏನೂ ಅನ್ನಲ್ಲ. ನೀವು ಓಡಿಸಲ್ಲ ಅಂತ ನಂಗೆ ಗೊತ್ತಿತ್ತು, ಗೊತ್ತಿದ್ದೇ ನಿಮ್ಮ ಜೊತೆ ಇಷ್ಟು ವರ್ಷ ಇದ್ದೀನಿ." ಪಟ್ಟಿ ಸರಿಮಾಡಿಕೊಂಡಳೇನೋ, ಮಂಚ ಕಿರ್ ಎಂದಿತು. "ಆದ್ರೆ ಆ ನೀಲಿ ಬರೆದ್ರಲ್ಲ, ಅದನ್ನ ಬರೀಬಾರ್ದಿತ್ತು ರೀ. ಹದಿಮೂರು ದಿನ. ನಾನು ಎಣಿಸಿದ್ದೀನಿ."

"ಬಾಗಿಲು ಹಾಕಿ, ಗಾಳಿ ಬರ್ತಿದೆ" ಎಂದಳು ಅಕ್ಕ. ಭಾವ ಬಾಗಿಲು ಹಾಕಿದರು.

ಈಗ ಆ ವ್ಯಾನಿನ ಮೇಲೆ ಒಂದು ಚುಕ್ಕೆಯೂ ಇಲ್ಲ. ಸಂಜೆ ಇಬ್ಬರೂ ಬೀದಿಯಲ್ಲಿ ಅಡ್ಡಾಡುತ್ತಾರೆ. ಅಕ್ಕನ ಕೋಲು ನಿಧಾನ. ಭಾವ ರೂಢಿಯಂತೆ ಹತ್ತು ಹೆಜ್ಜೆ ಮುಂದೆ ಹೋಗಿಬಿಡುತ್ತಾರೆ, ತಟ್ಟನೆ ನಿಲ್ಲುತ್ತಾರೆ, ಹಿಂದಕ್ಕೆ ಬರುತ್ತಾರೆ. ಅವರು ಈಗ ಯಾವ ಅಂಗಡಿಯ ನೆತ್ತಿಯನ್ನೂ ನೋಡುವುದಿಲ್ಲ. ಅವಳ ಪಕ್ಕಕ್ಕೆ ಬಂದು ನಿಂತು, ಅವಳು ಮುಂದಿನ ಹೆಜ್ಜೆ ಇಡುವವರೆಗೆ ಕಾಯುತ್ತಾರೆ.

ನೆಟ್ಟಗಿನ ಜನ ಎಂದು ನಾವು ಬೀದಿಯಲ್ಲಿ ನಿಂತು ಕೊಂಡಾಡುವ ಇಂಥ ಜೀವಗಳನ್ನು ನಾನು ಬಾಳಿನಲ್ಲಿ ಮೂರೋ ನಾಲ್ಕೋ ಕಂಡಿದ್ದೇನೆ. ಸುಳ್ಳು ಬರೆಯಲಾರದ ಕೈ ಅವರದು. ಆ ಕೈಗೇ ಖಾಲಿ ಜಾಗವನ್ನು ಖಾಲಿ ಬಿಡಲೂ ಬರುವುದಿಲ್ಲ. ಎರಡೂ ಒಂದೇ ಕುಂಚದಿಂದ ಬಂದದ್ದು, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೊಳೆದುಹಾಕೆಂದರೆ ಅವರಿಗೆ ಸಾಧ್ಯವಿಲ್ಲ. ಅವರ ಸತ್ಯದ ಸೊಗಸು ನಮ್ಮಂಥ ನೋಡುವವರ ಪಾಲಿಗೆ. ಅದರ ಭಾರ ಯಾವಾಗಲೂ ಮನೆಯೊಳಗೆ ಕಿಟಕಿಯ ಬಳಿ ಮಲಗಿ, ಬಾಯಿಬಿಡದೆ ದಿನ ಎಣಿಸುವವರ ಪಾಲಿಗೆ. ಅಂಥವರನ್ನು ಗೌರವಿಸುವ ಮೊದಲು, ಅವರ ಪಕ್ಕದಲ್ಲಿ ಕೋಲೂರಿ ನಡೆಯುತ್ತಿರುವವರು ಯಾರೆಂದು ಒಮ್ಮೆ ನೋಡಬೇಕು.